ಕಿವಿಗೆ ಬಿದ್ದ ಕೋಡ್

2000ದ ಡಿಸೆಂಬರಿನಲ್ಲಿ ಡೇವ್ ವೈನರ್ ಆರ್‌ಎಸ್‌ಎಸ್ ಎಂಬ ಸುದ್ದಿ ಹಂಚುವ ವಿಧಾನಕ್ಕೆ ‘ಎನ್‌ಕ್ಲೋಷರ್’ ಎಂಬ ಪುಟ್ಟ ಬಾಲ ಅಂಟಿಸಿದರು. ಲಕೋಟೆಯೊಳಗೆ ದೇವರ ಕುಂಕುಮ ಇಟ್ಟು ಕಳಿಸಿದ ಹಾಗೆ, ಬರಹದ ಜೊತೆ ಧ್ವನಿಯ ಫೈಲೂ ಚಂದಾದಾರರನ್ನು ತಲುಪುವುದು ಸಾಧ್ಯವಾಯಿತು. ಇಂಥ ಧ್ವನಿ ಹಂಚಿಕೆಗೆ ‘ಪಾಡ್‌ಕಾಸ್ಟಿಂಗ್’ ಎಂಬ ಹೆಸರು ಕಾಣಿಸಿಕೊಂಡದ್ದು 2004ರ ಫೆಬ್ರವರಿಯಲ್ಲಿ, ಗಾರ್ಡಿಯನ್ ಪತ್ರಿಕೆಗೆ ಬೆನ್ ಹ್ಯಾಮರ್ಸ್‌ಲಿ ಬರೆದ ಲೇಖನದಲ್ಲಿ.

ಅಡುಗೆ ಮಾಡಿದ ತಂತ್ರಜ್ಞರೇ ಮೊದಲ ಪಂಕ್ತಿಗೂ ಕೂತರು.

2005ರ ಆಗಸ್ಟಿನಲ್ಲಿ ಸ್ಟೀವ್ ಗಿಬ್ಸನ್, ಲಿಯೋ ಲಾಪೋರ್ಟ್ ಜೋಡಿಯ ‘ಸೆಕ್ಯುರಿಟಿ ನೌ’ ಪಾಡ್‌ಕಾಸ್ಟ್ ಶುರುವಾಯಿತು. ಗೂಢಲಿಪಿಯ ಗಣಿತವನ್ನು ಕಪ್ಪುಹಲಗೆಯಿಲ್ಲದೆ, ಬರೀ ಮಾತಿನಲ್ಲಿ ಬಿಡಿಸಿಡುವ ಸಾಹಸ ಅದು. ಕೋಡಿನ ಆವರಣ ಚಿಹ್ನೆ, ಅರ್ಧವಿರಾಮಗಳನ್ನು ಯಾರು ತಾನೇ ಓದಿ ಹೇಳಿಯಾರು? ಹಾಗಾಗಿ ಇಂಥ ಕಾರ್ಯಕ್ರಮಗಳು ‘ಹೇಗೆ’ ಎನ್ನುವುದಕ್ಕಿಂತ ‘ಯಾಕೆ’ ಎಂಬುದರ ಬೆನ್ನು ಹತ್ತಿದವು. 2006ರಲ್ಲಿ ಜರ್ಮನಿಯ ಮಾರ್ಕಸ್ ಫೋಲ್ಟರ್ ಆರಂಭಿಸಿದ ‘ಸಾಫ್ಟ್‌ವೇರ್ ಎಂಜಿನಿಯರಿಂಗ್ ರೇಡಿಯೋ’ ಇಂಗ್ಲಿಷಿನಲ್ಲೇ ಮಾತಾಡಿತು. 2012ರಲ್ಲಿ ಅದು ‘ಐಇಇಇ ಸಾಫ್ಟ್‌ವೇರ್’ ಪತ್ರಿಕೆಯ ಮಡಿಲು ಸೇರಿತು.

ಎಲ್ಲಕ್ಕಿಂತ ಮಜವಾದದ್ದು 2008ರ ಏಪ್ರಿಲಿನದು. ಜೋಯಲ್ ಸ್ಪೋಲ್‌ಸ್ಕಿ, ಜೆಫ್ ಆಟ್‌ವುಡ್ ಇಬ್ಬರೂ ಪ್ರೋಗ್ರಾಮರುಗಳ ಪ್ರಶ್ನೋತ್ತರ ತಾಣ ‘ಸ್ಟ್ಯಾಕ್ ಓವರ್‌ಫ್ಲೋ’ ಕಟ್ಟುವ ಕುರಿತ ತಮ್ಮ ಫೋನ್ ಮಾತುಕತೆಯನ್ನೇ ಧ್ವನಿಮುದ್ರಿಸಿ ಹಂಚಿದರು. ಮನೆ ಇನ್ನೂ ತಳಪಾಯದಲ್ಲಿದ್ದಾಗಲೇ ಮೇಸ್ತ್ರಿಗಳ ವಾದ ಊರಿಗೆಲ್ಲ ಕೇಳಿಸುತ್ತಿತ್ತು. ಗೃಹಪ್ರವೇಶ ನಡೆದದ್ದು ಆ ಸೆಪ್ಟೆಂಬರಿನಲ್ಲಿ.