ಮುಳ್ಳು ತೆಗೆಯುವ ಮುಳ್ಳು

ಮುಳ್ಳನ್ನು ಮುಳ್ಳಿನಿಂದಲೇ ತೆಗೆಯಬೇಕೆಂಬುದು ಹಿರಿಯರ ಮಾತು. ಆದರೆ ತೆಗೆಯಲು ಹಿಡಿದ ಮುಳ್ಳೇ ಮುರಿದು ಕಾಲಿನಲ್ಲಿ ಉಳಿದರೆ? ಅಮೆರಿಕದ ಹಂದಿ ಸಾಕಣೆಗಾರರು ಅರ್ಧ ಶತಮಾನ ಎದುರಿಸಿದ ಪ್ರಶ್ನೆ ಇದು.

19ನೆಯ ಶತಮಾನದಲ್ಲಿ ‘ಹಾಗ್ ಕಾಲರಾ’ ಎಂಬ ಪಿಡುಗು ಅಲ್ಲಿ ಹಿಂಡುಹಿಂಡಾಗಿ ಹಂದಿಗಳನ್ನು ಕೊಲ್ಲುತ್ತಿತ್ತು. ಇದು 2009ರಲ್ಲಿ ನಮ್ಮನ್ನು ಕಾಡಿದ ಹಂದಿಜ್ವರವಲ್ಲ. ಮನುಷ್ಯರಿಗೆ ತಗಲದ ಬೇರೆಯೇ ರೋಗ. ಇದರ ಮೂಲ ಬ್ಯಾಕ್ಟೀರಿಯಾ ಎಂದು ಮೊದಲು ನಂಬಲಾಗಿತ್ತು. ಅದು ವೈರಸ್ ಎಂಬುದನ್ನು 20ನೆಯ ಶತಮಾನದ ಆರಂಭದಲ್ಲಿ ತೋರಿಸಿಕೊಟ್ಟವರಲ್ಲಿ ಸರ್ಕಾರಿ ವಿಜ್ಞಾನಿ ಮೇರಿಯನ್ ಡಾರ್ಸೆಟ್ ಒಬ್ಬರು.

ಡಾರ್ಸೆಟ್ ಮತ್ತು ಸಂಗಡಿಗರು ರೂಪಿಸಿದ ಚಿಕಿತ್ಸೆ ಸರಳವಾಗಿತ್ತು. ರೋಗನಿರೋಧಕ ಶಕ್ತಿ ಪಡೆದ ಹಂದಿಯ ರಕ್ತದಿಂದ ಸೀರಮ್ ತೆಗೆದು ಚುಚ್ಚುವುದು. ಜೊತೆಗೆ ರೋಗಪೀಡಿತ ಹಂದಿಯ ರಕ್ತವನ್ನೂ ಅಲ್ಪ ಪ್ರಮಾಣದಲ್ಲಿ ಚುಚ್ಚುವುದು. ಸೀರಮ್ ತಕ್ಷಣ ಕಾಯುತ್ತಿತ್ತು. ಜೀವಂತ ವೈರಸ್ ದೀರ್ಘಕಾಲದ ರಕ್ಷಣೆ ನೀಡುತ್ತಿತ್ತು. ಡಾರ್ಸೆಟ್ ಈ ಸೀರಮಿನ ಪೇಟೆಂಟನ್ನು ಸಾರ್ವಜನಿಕರ ಉಚಿತ ಬಳಕೆಗೆ ಬಿಟ್ಟುಕೊಟ್ಟರು. ಅಸಂಖ್ಯ ರೈತರ ಬದುಕು ಉಳಿಯಿತು.

ಅಪಾಯವೂ ಅಲ್ಲಿಯೇ ಅಡಗಿತ್ತು. ಸೀರಮಿನ ಸತ್ವ ಕಡಿಮೆಯಾದರೆ ಲಸಿಕೆಯೇ ರೋಗವಾಗುತ್ತಿತ್ತು. ಲಸಿಕೆ ಪಡೆದ ಹಂದಿಯಿಂದ ವೈರಸ್ ಪಕ್ಕದ ಹಿಂಡಿಗೂ ದಾಟಬಹುದಿತ್ತು. ಹೀಗೆ ಒಬ್ಬ ರೈತನ ರಕ್ಷಣೆ ನೆರೆಯವನ ನಷ್ಟವಾಗುವ ಸಂಭವವಿತ್ತು. ಮೊಲದಂಥ ಪ್ರಾಣಿಗಳ ದೇಹದಲ್ಲಿ ಬೆಳೆಸಿ ದುರ್ಬಲಗೊಳಿಸಿದ ವೈರಸ್ಸಿನ ಲಸಿಕೆಗಳು 1950ರ ದಶಕದಲ್ಲಿ ಬಳಕೆಗೆ ಬಂದವು. ಅವು ಹೆಚ್ಚು ಸುರಕ್ಷಿತವಾಗಿದ್ದರೂ ಗಬ್ಬದ ಹಂದಿಗಳ ಭ್ರೂಣಗಳಿಗೆ ಕೆಲವೊಮ್ಮೆ ಹಾನಿಯಾಗುತ್ತಿತ್ತು.

1961ರಲ್ಲಿ ಅಮೆರಿಕ ರೋಗ ನಿರ್ಮೂಲನೆಗೆ ಕಾನೂನು ತಂದಾಗ ಕಠಿಣ ಸತ್ಯವೊಂದು ಎದುರಾಯಿತು: ಜೀವಂತ ಲಸಿಕೆ ಇರುವವರೆಗೆ ವೈರಸ್ಸೂ ಇರುತ್ತದೆ. ಐವತ್ತು ವರ್ಷ ಕಾಪಾಡಿದ ಮದ್ದನ್ನು ಹಂತಹಂತವಾಗಿ ಕೈಬಿಟ್ಟು, ಸೋಂಕಿತ ಹಿಂಡುಗಳನ್ನು ಕೊಂದು ಮಾಲೀಕರಿಗೆ ಪರಿಹಾರ ನೀಡಲಾಯಿತು. 1978ರಲ್ಲಿ ದೇಶ ರೋಗಮುಕ್ತವೆಂದು ಘೋಷಿತವಾಯಿತು.

ಆದರೂ ಪ್ರಶ್ನೆ ಮುಗಿಯಲಿಲ್ಲ. 1996ರಲ್ಲಿ ಡೆನ್ಮಾರ್ಕ್, ಹಂದಿಗಳಲ್ಲಿ ಗರ್ಭಪಾತ ಹಾಗೂ ಉಸಿರಾಟದ ತೊಂದರೆ ತರುವ ಪಿ.ಆರ್.ಆರ್.ಎಸ್. ಎಂಬ ಇನ್ನೊಂದು ರೋಗದ ವಿರುದ್ಧ ಜೀವಂತ ಲಸಿಕೆ ಬಳಸಿತು. ಲಸಿಕೆಯ ವೈರಸ್ ಮರಳಿ ಉಗ್ರವಾಗಿ, ಲಸಿಕೆ ಪಡೆಯದ ಹಿಂಡುಗಳಿಗೂ ಹರಡಿತು. ಮರಿಗಳು ಸತ್ತೇ ಹುಟ್ಟಿದವು.

ಇದರಿಂದ ಲಸಿಕೆಗಳೇ ಬೇಡವೆಂದು ತೀರ್ಮಾನಿಸುವುದು ಅವಿವೇಕ. ಡಾರ್ಸೆಟರ ಸೀರಮ್ ಇಲ್ಲದಿದ್ದರೆ ನಿರ್ಮೂಲನೆಯ ದಿನದವರೆಗೆ ಎಷ್ಟು ಹಿಂಡುಗಳು ಉಳಿಯುತ್ತಿದ್ದವೋ! ಮುಳ್ಳನ್ನು ಹಿಡಿಯಬೇಕು, ಕೆಲಸ ಮುಗಿದ ಮೇಲೆ ಅದನ್ನು ಎಸೆಯುವುದನ್ನೂ ಕಲಿತಿರಬೇಕು.