ಚಿಲ್ಲರೆಯ ಜಾಗಕ್ಕೆ ಬಂದ ಅಂಚೆಚೀಟಿ

ಯುದ್ಧ ಬಂತೆಂದರೆ ಪೇಟೆಯಿಂದ ಮೊದಲು ಕಣ್ಮರೆಯಾಗುವುದು ಚಿಲ್ಲರೆ. ನೋಟಿನ ಮೇಲೆ ನಂಬಿಕೆ ಸಡಿಲವಾದೊಡನೆ ಜನ ಬೆಳ್ಳಿ, ತಾಮ್ರ, ನಿಕ್ಕಲ್ ನಾಣ್ಯಗಳನ್ನು ಗಂಟು ಕಟ್ಟಿ ಒಳಗಿಡುತ್ತಾರೆ. ದೊಡ್ಡ ವರ್ತಕರಿಗೆ ಇದರಿಂದ ಅಂಥ ತೊಂದರೆಯೇನಿಲ್ಲ. ಅವರ ವ್ಯವಹಾರ ಹುಂಡಿ, ಚೆಕ್ಕು, ಖಾತೆಯಲ್ಲೇ ಸಾಗುತ್ತದೆ. ಪೇಚಿಗೆ ಸಿಲುಕುವವರು ಅರ್ಧ ಸೇರು ಹಾಲು ಕೊಳ್ಳುವವರು, ಸೊಪ್ಪು ಮಾರುವವರು, ದಿನಗೂಲಿಯವರು. ಸುಮಾರು ನೂರ ಅರವತ್ತು ವರ್ಷಗಳಿಂದ ಹಲವು ದೇಶಗಳು ಈ ಇಕ್ಕಟ್ಟಿನಲ್ಲಿ ಅಂಚೆಚೀಟಿಯ ಮೊರೆಹೊಕ್ಕಿವೆ. ಅದಕ್ಕೆ ಕಾರಣವೂ ಇದೆ. ಚೀಟಿಯನ್ನು ಮುದ್ರಿಸುವುದು ಸರ್ಕಾರ, ಬೆಲೆ ಅದರ ಮುಖದ ಮೇಲೇ ಇದೆ, ಊರು ಬದಲಾದರೂ ಬೆಲೆ ಬದಲಾಗದು, ಸಣ್ಣ ಮೊತ್ತಕ್ಕೂ ಸಿಗುತ್ತದೆ. ಅದಕ್ಕಿದ್ದ ತೊಡಕು ಒಂದೇ: ಬೆನ್ನಿಗೆ ಬಳಿದ ಅಂಟು.

ಈ ತೊಡಕು ಮೊದಲು ದೊಡ್ಡದಾಗಿ ಕಾಡಿದ್ದು ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ. 1861ರ ಡಿಸೆಂಬರ್ ಕೊನೆಗೆ ಬ್ಯಾಂಕುಗಳು ನೋಟಿಗೆ ಚಿನ್ನ ಕೊಡುವುದನ್ನು ನಿಲ್ಲಿಸಿದವು. ಮರುವರ್ಷದ ಬೇಸಿಗೆಯ ಹೊತ್ತಿಗೆ ಬೆಳ್ಳಿಯ ಚಿಲ್ಲರೆಯೂ ಕಾಣೆಯಾಯಿತು. ಅಂಗಡಿಯವರು ತಮ್ಮದೇ ಚೀಟಿ ಹೊರಡಿಸಿದರು, ಜನ ಅಂಚೆಚೀಟಿ ಕೈಬದಲಿಸತೊಡಗಿದರು. 1862ರ ಜುಲೈ 17ರಂದು ಲಿಂಕನ್ ಸಹಿ ಹಾಕಿದ ಕಾಯಿದೆ ಅಂಚೆಚೀಟಿಗೆ ಹಣದ ಸ್ಥಾನ ಕೊಟ್ಟಿತು, ಒಂದು ಡಾಲರ್‌ಗಿಂತ ಕಡಿಮೆ ಮೊತ್ತದ ಖಾಸಗಿ ಚೀಟಿಗಳನ್ನು ನಿಷೇಧಿಸಿತು. ಕಾಯಿದೆಯೇನೋ ಬಂತು, ಆದರೆ ಸೆಕೆಯಲ್ಲಿ ಬೆವರಿದ ಕೈಗೆ, ಜೇಬಿಗೆ, ಪರ್ಸಿನ ತೊಗಲಿಗೆ ಅಂಟಿಕೊಂಡ ಚೀಟಿ ಎರಡೇ ದಿನಕ್ಕೆ ಮುದ್ದೆಯಾಗುತ್ತಿತ್ತು.

ಪರಿಹಾರ ಎರಡು ಕಡೆಯಿಂದ ಬಂತು. ಸರ್ಕಾರದ ಖಜಾಂಚಿಯಾಗಿದ್ದ ಫ್ರಾನ್ಸಿಸ್ ಸ್ಪಿನ್ನರ್ ಕಚೇರಿಯ ಕಾಗದಕ್ಕೆ ಚೀಟಿಗಳನ್ನು ಅಂಟಿಸಿ ತೋರಿಸಿದರು. ಅದೇ ಮಾದರಿಯಲ್ಲಿ ಆಗಸ್ಟ್ ತಿಂಗಳಲ್ಲಿ 5, 10, 25, 50 ಸೆಂಟಿನ ‘ಪೋಸ್ಟೇಜ್ ಕರೆನ್ಸಿ’ ಹೊರಬಿತ್ತು. ಇಪ್ಪತ್ತೈದು ಸೆಂಟಿನ ನೋಟಿನ ಮೇಲೆ ಐದು ಸೆಂಟಿನ ಐದು ಚೀಟಿಗಳನ್ನು ಸಾಲಾಗಿ ಮುದ್ರಿಸಿದ್ದರು. ನೋಟು ಓದಲು ಬಾರದವರೂ ಎಣಿಸಿಕೊಳ್ಳಬಹುದಿತ್ತು. ಮೊದಲ ಮುದ್ರಣದ ಕೆಲವಕ್ಕೆ ಅಂಚೆಚೀಟಿಗಿದ್ದಂತೆ ಅಂಚಿನ ತೂತುಗಳೂ ಇದ್ದವು. ಆದರೆ ಒಂದು ಷರತ್ತು ನನ್ನ ಮನಸ್ಸಿಗೆ ಒಪ್ಪುವುದಿಲ್ಲ. ಇವನ್ನು ದೊಡ್ಡ ನೋಟಿಗೆ ಬದಲಿಸಿಕೊಳ್ಳಬೇಕಾದರೆ ಕನಿಷ್ಠ ಐದು ಡಾಲರ್ ಮೌಲ್ಯದಷ್ಟು ಕೂಡಿಹಾಕಿ ತರಬೇಕಿತ್ತು. ಚಿಲ್ಲರೆಯನ್ನೇ ನೆಚ್ಚಿ ಬದುಕುವವರ ಕೈಯಲ್ಲಿ ಅಷ್ಟು ಮೊತ್ತ ಎಂದು ಕೂಡೀತು?

ಇನ್ನೊಂದು ಪರಿಹಾರ ಕಂಡುಕೊಂಡವರು ಜಾನ್ ಗಾಲ್ಟ್ ಎಂಬ ಉದ್ಯಮಿ. 1862ರ ಆಗಸ್ಟ್ 12ರಂದು ಅವರಿಗೆ ಪೇಟೆಂಟ್ ದೊರೆತ ವಸ್ತುವನ್ನು ಹತ್ತಿರದಿಂದ ನೋಡಬೇಕು. ಗುಂಡನೆಯ ಹಿತ್ತಾಳೆಯ ಚೌಕಟ್ಟು, ಒಳಗೆ ಮೂಲೆ ಮಡಿಚಿದ ಅಂಚೆಚೀಟಿ, ಅದರ ಮೇಲೆ ಪಾರದರ್ಶಕವಾದ ಅಭ್ರಕದ ತೆಳು ಹಾಳೆ. ಮುಖದಲ್ಲಿ ಚೀಟಿಯ ಬೆಲೆ ಕಾಣುತ್ತದೆ, ಬೆವರು ತಾಗುವುದಿಲ್ಲ. ಬೆನ್ನಿನ ಹಿತ್ತಾಳೆಯ ಮೇಲೆ ಜಾಹೀರಾತಿನ ಅಚ್ಚು: ಏಯರ್ ಕಂಪನಿಯ ಮಾತ್ರೆ, ಡ್ರೇಕ್ ಅವರ ಬಿಟರ್ಸ್ ಎಂಬ ಕಹಿಮದ್ದು. ಒಂದು ಸೆಂಟಿನಿಂದ ತೊಂಬತ್ತು ಸೆಂಟಿನವರೆಗೆ ಇದ್ದ ಈ ಬಿಲ್ಲೆಗಳು ಅಂಚೆಚೀಟಿಯ ಅಂಟನ್ನು ಗೆದ್ದವು. ಆದರೆ ಸರ್ಕಾರದ ನೋಟಿನ ಎದುರು ಅವುಗಳ ಆಟ ಹೆಚ್ಚು ಕಾಲ ನಡೆಯಲಿಲ್ಲ. ಅಮೆರಿಕದ ಸಣ್ಣ ನೋಟುಗಳು 1876ರವರೆಗೂ ಹೊರಬರುತ್ತಿದ್ದವು; ಬೆಳ್ಳಿ ಮರಳಿದ ಮೇಲೆ ಅವುಗಳ ಕೆಲಸ ಮುಗಿಯಿತು.

ಗಾಲ್ಟ್ ಅವರ ಬಿಲ್ಲೆ ಮೊದಲ ಮಹಾಯುದ್ಧದ ನಂತರ ಯುರೋಪಿನಲ್ಲಿ ಮತ್ತೆ ತಲೆಯೆತ್ತಿತು. 1920ರ ಸುಮಾರಿಗೆ ಫ್ರಾನ್ಸ್, ಜರ್ಮನಿಗಳಲ್ಲಿ ಅಗ್ಗದ ಲೋಹದ ಡಬ್ಬಿಯಲ್ಲಿ ಕೂತ ಅಂಚೆಚೀಟಿ ಬ್ಯಾಂಕು, ಅಂಗಡಿಗಳ ಹೆಸರು ಹೊತ್ತು ಓಡಾಡಿತು.

ಅದಕ್ಕೂ ಮೊದಲು ದಕ್ಷಿಣ ಆಫ್ರಿಕಾದಲ್ಲಿ ಬೋಯರ್ ಯುದ್ಧ ನಡೆಯುತ್ತಿದ್ದಾಗ, 1900ರಲ್ಲಿ ರೊಡೇಷಿಯಾದ ಬುಲವಾಯೊ ಪಟ್ಟಣಕ್ಕೆ ನಾಣ್ಯ ಬರುವುದು ನಿಂತುಹೋಯಿತು. ಅಲ್ಲಿನ ಅಧಿಕಾರಿ ಮಾರ್ಷಲ್ ಹೋಲ್ ಪುಟ್ಟ ಕಾರ್ಡಿನ ಒಂದು ಮಗ್ಗುಲಿಗೆ ಅಂಚೆಚೀಟಿ ಅಂಟಿಸಿ, ಇನ್ನೊಂದು ಮಗ್ಗುಲಲ್ಲಿ ತಮ್ಮ ಹೆಸರಿನಲ್ಲಿ, ಇದನ್ನು ತಂದವರಿಗೆ ನಗದು ಕೊಡಲಾಗುವುದು ಎಂಬ ಮಾತು ಹಾಕಿಸಿದರು. ಈ ಮಾತೇ ಮುಖ್ಯ. ಕೊಟ್ಟವರೇ ವಾಪಸು ತೆಗೆದುಕೊಳ್ಳುತ್ತಾರೆ ಎಂಬ ಭರವಸೆ ಇದ್ದರೆ ಕಾಗದವೂ ಕಾಸಾಗುತ್ತದೆ.

ರಷ್ಯಾ 1915ರಲ್ಲಿ ಅಂಟನ್ನೇ ಕೈಬಿಟ್ಟಿತು. ರೊಮಾನೊವ್ ವಂಶದ ಮುನ್ನೂರನೆಯ ವರ್ಷಕ್ಕೆಂದು 1913ರಲ್ಲಿ ತಂದಿದ್ದ ಅಂಚೆಚೀಟಿಯ ಅಚ್ಚುಗಳಿಂದಲೇ 10, 15, 20 ಕೊಪೆಕ್‌ಗಳ ಚೀಟಿಗಳನ್ನು ದಪ್ಪ ಕಾಗದದ ಮೇಲೆ ಮುದ್ರಿಸಿ, ಹಿಂಬದಿಯಲ್ಲಿ ಎರಡು ತಲೆಯ ಹದ್ದು ಮತ್ತು ಇದು ಬೆಳ್ಳಿಯ ಚಿಲ್ಲರೆಗೆ ಸಮಾನವಾಗಿ ಚಲಾವಣೆಯಲ್ಲಿದೆ ಎಂಬ ಒಕ್ಕಣೆ ಹಾಕಿದರು. 1918ರಲ್ಲಿ ಉಕ್ರೇನ್, ಮುಂದೆ ಅಂತರ್ಯುದ್ಧದ ಕಾಲದಲ್ಲಿ ಸ್ಪೇನ್ ಇದೇ ಜಾಡಿನಲ್ಲಿ ನಡೆದವು. ಸ್ಪೇನಿನವು ಗುಂಡನೆಯ ರಟ್ಟಿನ ಬಿಲ್ಲೆಗಳು. ಬ್ರಿಟನ್ನಿನ ಕಥೆ ಸ್ವಲ್ಪ ಬೇರೆ. 1914ರ ಆಗಸ್ಟ್‌ನಲ್ಲಿ ತುರ್ತಾಗಿ ಒಂದು ಪೌಂಡಿನ ನೋಟು ಬೇಕಾದಾಗ ಕೈಗೆ ಸಿಕ್ಕಿದ್ದು ಅಂಚೆಚೀಟಿಗೆಂದು ಇಟ್ಟಿದ್ದ ಕಾಗದ. ನೋಟನ್ನು ಅದರ ಮೇಲೇ ಅಚ್ಚು ಹಾಕಿದರು. ಪೋಸ್ಟಲ್ ಆರ್ಡರಿಗೂ ಕೆಲಕಾಲ ಹಣದ ಮಾನ್ಯತೆ ಸಿಕ್ಕಿತು.

ಭಾರತದಲ್ಲಿ ಎರಡನೆಯ ಮಹಾಯುದ್ಧ ಚಿಲ್ಲರೆಯ ಬರ ತಂದಿತು. 1940ರಲ್ಲಿ ಒಂದು ರೂಪಾಯಿಯ ನೋಟು ಮರಳಿತು, ಲೋಹ ಉಳಿಸಲು 1943ರಲ್ಲಿ ನಡುವೆ ತೂತಿರುವ ಒಂದು ಪೈಸೆಯ ನಾಣ್ಯ ಬಂತು. ನಮ್ಮ ಹಿರಿಯರು ತೂತು ಕಾಸು ಎಂದು ನೆನೆಯುತ್ತಿದ್ದದ್ದು ಇದನ್ನೇ. ಬಿಕಾನೇರ್, ಬೂಂದಿ, ಮೋರ್ವಿ, ನವಾನಗರದಂಥ ಸಂಸ್ಥಾನಗಳು ರಟ್ಟಿನ ‘ಕ್ಯಾಶ್ ಕೂಪನ್’ ಹೊರಡಿಸಿ ಸಂತೆ ನಡೆಸಿದವು. ಅಂಚೆಚೀಟಿ ನಮ್ಮಲ್ಲಿ ಬೇರೊಂದು ದಾರಿಯಿಂದ ಹಣವಾಗಿತ್ತು. ಮನಿಯಾರ್ಡರ್ 1880ರಿಂದಲೇ ಇದ್ದರೂ ನಾಲ್ಕಾಣೆ ಕಳಿಸಲು ಕಮಿಷನ್ ಕೊಡುವವರಾರು? ಆದ್ದರಿಂದ ಪತ್ರಿಕೆಯ ಮಾದರಿ ಪ್ರತಿಗೋ ಪುಟ್ಟ ಪುಸ್ತಕಕ್ಕೋ ಅಂಚೆಚೀಟಿಗಳನ್ನೇ ಲಕೋಟೆಯಲ್ಲಿಟ್ಟು ಕಳಿಸುತ್ತಿದ್ದರು. ಪತ್ರಿಕೆಯ ಕಚೇರಿಗೆ ಅವು ನಷ್ಟವಲ್ಲ, ಸಂಜೆಯ ಟಪಾಲಿಗೆ ಹೇಗೂ ಬೇಕಿದ್ದವು. ಹಳ್ಳಿಯಲ್ಲಿ ಕೂತ ಕನ್ನಡದ ಓದುಗರಿಗೆ ಪುಸ್ತಕಲೋಕದ ಬಾಗಿಲು ತೆರೆದದ್ದರಲ್ಲಿ ಈ ಪುಟ್ಟ ಚೀಟಿಗಳ ಪಾಲೂ ಇದೆ ಎಂದು ನಾನು ನಂಬುತ್ತೇನೆ.

ಯುದ್ಧವಿಲ್ಲದೆಯೂ ಚಿಲ್ಲರೆ ಬತ್ತುತ್ತದೆ. 1970ರ ದಶಕದ ಇಟಲಿಯಲ್ಲಿ ಅಂಗಡಿಯವರು ಬಾಕಿಗೆ ಅಂಚೆಚೀಟಿ, ಪೆಪ್ಪರ್‌ಮಿಂಟು, ಸಾರ್ವಜನಿಕ ಫೋನಿನ ಟೋಕನ್ ಕೊಡುತ್ತಿದ್ದರು. 1975ರ ಕೊನೆಯಿಂದ ಬ್ಯಾಂಕುಗಳು 50, 100, 150 ಲಿರಾಗಳ ಪುಟಾಣಿ ಚೆಕ್ಕುಗಳನ್ನೇ ಮುದ್ರಿಸಿದವು. ಇವೆಲ್ಲ ಒಂದೇ ತೂಕದವಲ್ಲ. ಫೋನಿನ ಟೋಕನ್ ಎಲ್ಲರಿಗೂ ಬೇಕು, ಹಾಗಾಗಿ ಅದು ಕೈಯಿಂದ ಕೈಗೆ ಸಲೀಸಾಗಿ ಹೋಯಿತು. ಪೆಪ್ಪರ್‌ಮಿಂಟು ಗ್ರಾಹಕರ ಕೈಗೆ ಬಂದು ಅಲ್ಲೇ ನಿಂತಿತು.

ನಮ್ಮ ಊರುಗಳಲ್ಲಿ ‘ಚೇಂಜ್ ಇಲ್ಲ, ಚಾಕೊಲೇಟ್ ತಗೊಳ್ಳಿ’ ಎನ್ನುವುದನ್ನು ನಾನು ಬದಲಿ ಹಣ ಎಂದು ಒಪ್ಪದಿರುವುದು ಈ ಕಾರಣಕ್ಕೇ. ಮರುದಿನ ಅದೇ ಚಾಕೊಲೇಟ್ ಹಿಡಿದು ಹೋದರೆ ಅದೇ ಅಂಗಡಿ ತೆಗೆದುಕೊಳ್ಳುವುದಿಲ್ಲ. ಸಿಟಿ ಬಸ್ಸಿನ ಟಿಕೆಟ್ಟಿನ ಹಿಂದೆ ಕಂಡಕ್ಟರ್ ಗೀಚಿಕೊಡುವ ‘ಬಾಕಿ 5’ ಇದಕ್ಕಿಂತ ಮೇಲು, ಅದು ಒಪ್ಪಿಕೊಂಡ ಸಾಲ. ಆದರೆ ಇಳಿಯುವ ಗಡಿಬಿಡಿಯಲ್ಲಿ ಕೇಳಿ ಪಡೆಯುವ ಹೊಣೆ ಪ್ರಯಾಣಿಕರದ್ದೇ. 2011ರ ಜೂನ್ 30ರ ನಂತರ ಇಪ್ಪತ್ತೈದು ಪೈಸೆ ಮತ್ತು ಅದಕ್ಕೂ ಕೆಳಗಿನ ನಾಣ್ಯಗಳ ಚಲಾವಣೆಯೂ ನಿಂತಿತು. ಎಂಟಾಣೆಗೆ ಕಾನೂನಿನ ಬಲವಿದ್ದರೂ ಅಂಗಡಿಯವರು ಮುಟ್ಟುವುದಿಲ್ಲ. 2016ರಲ್ಲಿ ಬಂದ ಯುಪಿಐ ಈ ಜಗಳವನ್ನೇ ಬಹುಪಾಲು ಮುಗಿಸಿದೆ. ಹನ್ನೊಂದು ರೂಪಾಯಿಯ ಬಿಲ್ಲಿಗೆ ಹನ್ನೊಂದೇ ರೂಪಾಯಿ ಹೋಗುತ್ತದೆ. ಫೋನಿಲ್ಲದ ಅಜ್ಜಿ ಇಪ್ಪತ್ತರ ನೋಟು ಹಿಡಿದು ಬಂದಾಗ ಮಾತ್ರ ಗಲ್ಲಾಪೆಟ್ಟಿಗೆಯಲ್ಲಿ ಈಗ ಒಂಬತ್ತು ರೂಪಾಯಿ ಚಿಲ್ಲರೆ ಇರುವುದಿಲ್ಲ. ಆಕೆಗೆ ಅಂಗಡಿಯವರು ಕೊಡುವ ಬದಲಿ ಏನು, ಅದನ್ನು ನಾಳೆ ಅವರು ವಾಪಸು ತೆಗೆದುಕೊಳ್ಳುತ್ತಾರೆಯೇ ಎಂಬ ಪ್ರಶ್ನೆಗೆ ಉತ್ತರ ಕೊಡಬೇಕಾದವರು ನಾಣ್ಯ ಟಂಕಿಸುವವರು ಮತ್ತು ಹಂಚುವವರು.