ಹದಿನೇಳು ಮಿಲಿಮೀಟರಿನ ತೋಟಾ

ನಮ್ಮ ಮಲೆನಾಡಿನ ಕಡೆ ಕೋವಿ ಎಂದರೆ ಹೆಗಲ ಮೇಲೆ ಕಾಣುವ ವಸ್ತು. ಅದನ್ನು ಹೊತ್ತು ಹೊರಟವನು ಗದ್ದೆಗೆ ಬಂದ ಹಂದಿ ಕಾಯಲು ಹೊರಟನೋ ಇನ್ನೇತಕ್ಕೋ ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ. ಕಿಸೆಯ ಪಿಸ್ತೂಲಿನ ಜಾಯಮಾನ ಇದಕ್ಕೆ ತದ್ವಿರುದ್ಧ. ಕಾಣದಿರುವುದೇ ಅದರ ಮುಖ್ಯ ಗುಣ.

ದಿಲ್ಲಿಯ ರಾಷ್ಟ್ರೀಯ ಗಾಂಧಿ ಸಂಗ್ರಹಾಲಯದಲ್ಲಿ ಮಹಾತ್ಮರ ರಕ್ತ ಹತ್ತಿದ ಧೋತ್ರದ ಜೊತೆಗೆ ಒಂದು ಗುಂಡನ್ನೂ ಇಟ್ಟಿದ್ದಾರೆ. ಅದರ ಮುಂದೆ ನಿಂತಾಗ ನನ್ನನ್ನು ಕಾಡಿದ್ದು ಅದರ ಗಾತ್ರ. ಹಲಸಿನ ಬೀಜಕ್ಕಿಂತಲೂ ಚಿಕ್ಕದು. ಈ ಜಾತಿಯ ಗುಂಡು ಸಾಮಾನ್ಯವಾಗಿ ತೂಗುವುದು ಸುಮಾರು 6 ಗ್ರಾಂ ಅಷ್ಟೆ. ಊರಿಗೆ ಬಂದ ಮೇಲೆ ಅದರ ವಂಶಾವಳಿಯನ್ನು ಹುಡುಕುತ್ತಾ ಹೋದೆ.

ತೋಟಾ ಅಮೆರಿಕದ ಜಾನ್ ಮೋಸೆಸ್ ಬ್ರೌನಿಂಗ್ ಎಂಬ ಮಹಾ ಕುಶಲಿಯದು. 1908ರಲ್ಲಿ ಕೋಲ್ಟ್ ಕಂಪನಿ ಅದನ್ನು ಮಾರುಕಟ್ಟೆಗೆ ತಂದಿತು. ಅಮೆರಿಕದವರು ಅದನ್ನು .380 ಎಂದರು, ಯುರೋಪಿನವರು ಗಿಡ್ಡ 9 ಮಿ.ಮೀ. ಎಂದರು. ಗುಂಡಿನ ಅಡ್ಡಳತೆ 9, ಹಿತ್ತಾಳೆ ಕೋಶದ ಉದ್ದ 17 ಮಿ.ಮೀ. ಗಿಡ್ಡವೇಕೆ? ಇಲ್ಲಿಯೇ ಇರುವುದು ಸ್ವಾರಸ್ಯ. ಸ್ವಯಂಭರ್ತಿಯ ಪಿಸ್ತೂಲಿನಲ್ಲಿ ಮದ್ದು ಸಿಡಿದಾಗ ಗುಂಡು ಮುಂದಕ್ಕೆ ಹೋದಂತೆ ಖಾಲಿ ಕೋಶ ಹಿಂದಕ್ಕೆ ಒದೆಯುತ್ತದೆ. ಆ ಒದೆತವೇ ಮೇಲಿನ ಸ್ಲೈಡನ್ನು ಹಿಂದೆ ತಳ್ಳಿ, ಕೋಶವನ್ನು ಹೊರಗೆಸೆದು, ಸ್ಪ್ರಿಂಗು ಮರಳುವಾಗ ಹೊಸ ತೋಟಾವನ್ನು ನಳಿಗೆಗೆ ಸೇರಿಸುತ್ತದೆ. ಆದರೆ ಗುಂಡು ನಳಿಗೆಯನ್ನು ಬಿಡುವ ಮೊದಲೇ ಹಿಂಬದಿ ತೆರೆದುಕೊಂಡರೆ ಅನಾಹುತ. ಜರ್ಮನಿಯ ಲೂಗರ್ 1902ರಲ್ಲಿ ರೂಪಿಸಿದ ಬಲವಾದ 9 ಮಿ.ಮೀ. ತೋಟಾಕ್ಕೆ ಹಿಂಬದಿಯನ್ನು ಕ್ಷಣಕಾಲ ಹಿಡಿದಿಡುವ ಬೀಗ ಬೇಕಾಯಿತು; ಪಿಸ್ತೂಲೂ ದೊಡ್ಡದಾಯಿತು. ಬ್ರೌನಿಂಗ್ ಬೀಗವನ್ನೇ ಕೈಬಿಟ್ಟು, ಸ್ಲೈಡಿನ ಭಾರ ಮತ್ತು ಸ್ಪ್ರಿಂಗು ಎರಡೇ ತಾಳಿಕೊಳ್ಳುವಷ್ಟು ಬಲದ ತೋಟಾ ಮಾಡಿದ. ದುರ್ಬಲ ಎಂದು ಸೈನಿಕರು ಮೂಗು ಮುರಿಯಬಹುದು. ಕಿಸೆಗೆ ಬೇಕಾದದ್ದು ಅದೇ.

ಬೆಲ್ಜಿಯಮ್ಮಿನ ಹೆರ್ಸ್ಟಾಲಿನ ಎಫ್.ಎನ್. ಕಾರ್ಖಾನೆಗೆ ಅವನು ರೂಪಿಸಿಕೊಟ್ಟ 1910ರ ಮಾದರಿಯಲ್ಲಿ ಸ್ಪ್ರಿಂಗು ನಳಿಗೆಯ ಸುತ್ತಲೇ ಸುತ್ತಿಕೊಂಡಿತು. ಹೊರಗೆ ಕಾಣುವ ಕುದುರೆ ಇಲ್ಲ, ಬಟ್ಟೆಗೆ ಸಿಕ್ಕುವ ಮೂಲೆ ಇಲ್ಲ. ಉದ್ದ ಒಂದು ಗೇಣಿಗಿಂತ ಕಡಿಮೆ, ಒಳಗೆ ಆರು ತೋಟಾ. ಅಕಸ್ಮಾತ್ ಸಿಡಿಯದಂತೆ ಮೂರು ಬಗೆಯ ತಡೆಗಳೂ ಇದ್ದವು, ಎಲ್ಲವೂ ಹಿಡಿದವನ ಕ್ಷೇಮಕ್ಕಾಗಿ!

1914ರಲ್ಲಿ ಇಂಥ ನಾಲ್ಕು ಪಿಸ್ತೂಲುಗಳು ಸರಾಯೆವೊದ ಸಂಚುಗಾರರ ಕೈ ಸೇರಿದವು. ಜೂನ್ 28ರಂದು ಹತ್ತೊಂಬತ್ತರ ಹುಡುಗ ಗಾವ್ರಿಲೊ ಪ್ರಿನ್ಸಿಪ್ ಎರಡೇ ಗುಂಡು ಹಾರಿಸಿದ. ಆಸ್ಟ್ರಿಯಾದ ಯುವರಾಜ ಫ್ರಾಂಜ್ ಫರ್ಡಿನೆಂಡ್, ಅವನ ಹೆಂಡತಿ ಸೋಫಿ ಇಬ್ಬರೂ ಸತ್ತರು, ಮುಂದಿನದು ಮಹಾಯುದ್ಧ. ರಾಜದಂಪತಿಗೆ ಅಂತ್ಯಸಂಸ್ಕಾರದ ವಿಧಿ ನಡೆಸಿದ ಪಾದ್ರಿ ಪುಂಟಿಗಾಮ್ ಬಳಿ ಉಳಿದ ಪಿಸ್ತೂಲು, ಅವನ ತರುವಾಯ ಜೆಸ್ವಿಟರ ಮಠದಲ್ಲಿ ದಶಕಗಟ್ಟಲೆ ಮರೆಯಾಗಿತ್ತು. 2004ರಲ್ಲಿ ವಿಯೆನ್ನಾದ ಸೇನಾ ಸಂಗ್ರಹಾಲಯ ಸೇರಿತು. ಅದರ ಸಂಖ್ಯೆ 19074. ಅಲ್ಲಿಯವರೆಗೆ ಎಷ್ಟೋ ಪುಸ್ತಕಗಳು ಅದನ್ನು 7.65 ಮಿ.ಮೀ. ಎಂದೇ ಬರೆದಿದ್ದವು. ಇದು ಅದೇ ಗಿಡ್ಡ 9.

ಬ್ರೌನಿಂಗ್ 1926ರಲ್ಲಿ ಆ ಹೆರ್ಸ್ಟಾಲ್ ಕಾರ್ಖಾನೆಯಲ್ಲೇ ಹೃದಯಾಘಾತದಿಂದ ತೀರಿಕೊಂಡ. ತೋಟಾ ಮಾತ್ರ ದೇಶದಿಂದ ದೇಶಕ್ಕೆ ನಡೆಯಿತು. ಇಟಲಿಯ ಬೆರೆಟ್ಟಾ ಕಂಪನಿ ಮುಸೊಲಿನಿಯ ಸೇನೆಗಾಗಿ ತಯಾರಿಸಿದ 1934ರ ಮಾದರಿಗೂ ಅದೇ ತೋಟಾ. ಬೀಗವಿಲ್ಲ, ತೂಕ 660 ಗ್ರಾಮಿನಷ್ಟು, ಒಳಗೆ ಏಳು ತೋಟಾ. ಆ ಪಿಸ್ತೂಲುಗಳ ಮೈಮೇಲೆ ಇಸವಿಯ ಪಕ್ಕದಲ್ಲಿ ಫ್ಯಾಸಿಸ್ಟ್ ಶಕೆಯ ವರ್ಷವನ್ನು ರೋಮನ್ ಅಂಕಿಯಲ್ಲಿ ಕೊರೆಯುತ್ತಿದ್ದರು. ಇವುಗಳಲ್ಲೊಂದು ಕೈಯಿಂದ ಕೈ ದಾಟಿ ಗ್ವಾಲಿಯರಿಗೆ ಬಂದು, 1948ರ ಜನವರಿ ಕೊನೆಯ ವಾರದಲ್ಲಿ ಗೋಡ್ಸೆಯ ಕೈ ಸೇರಿತು.

ಜನವರಿ 20ರಂದು ಬಿರ್ಲಾ ಭವನದ ಆವರಣದಲ್ಲಿ ಬಾಂಬು ಸಿಡಿದಿತ್ತು. ಪ್ರಾರ್ಥನೆಗೆ ಬರುವವರನ್ನು ಶೋಧಿಸಿ ಒಳಗೆ ಬಿಡಬೇಕೆಂದು ಪೊಲೀಸರು ಕೇಳಿಕೊಂಡರು. ಗಾಂಧೀಜಿ ಒಪ್ಪಲಿಲ್ಲ. 30ರ ಸಂಜೆ ಐದು ಗಂಟೆ ದಾಟಿ ಕೆಲವು ನಿಮಿಷಗಳಾಗಿದ್ದವು. ಜನ ದಾರಿ ಬಿಟ್ಟು ಎರಡೂ ಬದಿಗೆ ನಿಂತಿದ್ದರು. ಅವರ ನಡುವೆ ನಿಂತಿದ್ದವನ ಬಳಿ ಒಂದು ಗೇಣಿನ ಆ ವಸ್ತು ಇದ್ದದ್ದು ಯಾರಿಗೂ ಕಾಣಲಿಲ್ಲ. ಮೂರು ಗುಂಡುಗಳು ಹಾರಿದವು.